ರಿವಾಲ್ವರ್ ಗುಂಡಿನ ಬೆಲೆ ಹೋಲಿಕೆ ಮತ್ತು ಸ್ಥಳೀಯ ಲಭ್ಯತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರವನ್ನು ಕರ್ನಾಟಕದಲ್ಲಿ ರಿವಾಲ್ವರಿಗೆ ಪರವಾನಗಿ ಪಡೆದಿರುವವರನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ. ಪರವಾನಗಿ ಇಲ್ಲದವರ ಮಟ್ಟಿಗೆ ಗುಂಡಿನ ಬೆಲೆಯ ಪ್ರಶ್ನೆಯೇ ಹುಟ್ಟುವುದಿಲ್ಲ, ಏಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಬಂದೂಕಿಗೆ ಬೇಕಾದಂತೆ ಗುಂಡಿಗೂ ಪರವಾನಗಿ ಬೇಕು, ಮತ್ತು ಒಂದೇ ಒಂದು ಜೀವಂತ ಗುಂಡು ಕೂಡ ಕಾಯ್ದೆಯ ದೃಷ್ಟಿಯಲ್ಲಿ ಮದ್ದುಗುಂಡೇ. ಇಂದಿನ ದರಪಟ್ಟಿಯನ್ನು ಇಲ್ಲಿ ಕೊಟ್ಟಿಲ್ಲ. ದರವನ್ನು ಹೇಗೆ ಹೋಲಿಸಬೇಕು, ಯಾವುದನ್ನು ಯಾವುದರೊಂದಿಗೆ ಹೋಲಿಸಬಾರದು ಎಂಬುದೇ ಇಲ್ಲಿನ ವಿಷಯ.

ಎರಡು ಅಂಗಡಿಗಳ ಬೆಲೆಯನ್ನು ಹೋಲಿಸುವ ಮೊದಲು ಯಾವುದನ್ನು ಖಚಿತಪಡಿಸಿಕೊಳ್ಳಬೇಕು?

ಎರಡೂ ಅಂಗಡಿಯವರು ಒಂದೇ ಗುಂಡಿನ ಬೆಲೆಯನ್ನು ಹೇಳುತ್ತಿದ್ದಾರೆಯೇ ಎಂಬುದನ್ನು. ಭಾರತದಲ್ಲಿ ನಾಗರಿಕರ ಕೈಯಲ್ಲಿರುವ ರಿವಾಲ್ವರುಗಳಲ್ಲಿ ಬಹುಪಾಲು .32 ಬೋರಿನವು (ಬೋರ್ ಎಂದರೆ ನಳಿಗೆಯ ಒಳ ಅಳತೆ). ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ ಮಾರ್ಕ್ 3, 2014ರಲ್ಲಿ ಬಿಡುಗಡೆಯಾದ ನಿರ್ಭೀಕ್, 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್, ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗುವ ವೆಬ್ಲಿ ಮಾರ್ಕ್ 4, ಇವೆಲ್ಲವೂ ಆ ಬೋರಿಗೆ ಸೇರುತ್ತವೆ. ಇವುಗಳಿಗೆ ಬೇಕಾದ ಗುಂಡಿನ ಪೂರ್ಣ ಹೆಸರು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್. ಅಮೆರಿಕದಲ್ಲಿ 1896ರಲ್ಲಿ ಬಂದ ಈ ಗುಂಡಿನ ಹಿತ್ತಾಳೆಯ ಕೊಳವೆ ಸುಮಾರು 23 ಮಿಲಿಮೀಟರ್ ಉದ್ದವಿರುತ್ತದೆ. ತಳದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಸಾಮಾನ್ಯವಾಗಿ 98 ಗ್ರೇನ್, ಅಂದರೆ ಆರೂಕಾಲು ಗ್ರಾಂಗಿಂತ ತುಸು ಹೆಚ್ಚು ತೂಕದ ಸೀಸದ ತುದಿ ಅದಕ್ಕೆ ಕೂತಿರುತ್ತದೆ.

ಫೋನಿನಲ್ಲಿ ಬರೀ ಪಾಯಿಂಟ್ ಮೂವತ್ತೆರಡು ಎಂದು ಕೇಳಿದರೆ ಅಂಗಡಿಯವರು ಪಿಸ್ತೂಲಿನ ಗುಂಡಿನ ದರವನ್ನೂ ಹೇಳಬಹುದು. ರಿವಾಲ್ವರಿಗೆ, ಲಾಂಗ್ ಎಂದು ಬಿಡಿಸಿ ಹೇಳಿ ಕೇಳಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಪಿಸ್ತೂಲಿನ .32 ಗುಂಡು ಅಗ್ಗವಾಗಿ ಸಿಕ್ಕರೆ ಅದನ್ನೇ ರಿವಾಲ್ವರಿಗೆ ಬಳಸಬಹುದೇ?

ಬಳಸಬಾರದು. ಪಿಸ್ತೂಲಿನ .32 ಎಸಿಪಿ ಗುಂಡು 1899ರಲ್ಲಿ ಅಮೆರಿಕದ ಬಂದೂಕು ವಿನ್ಯಾಸಕಾರ ಬ್ರೌನಿಂಗ್ ಅವರ ವಿನ್ಯಾಸವಾಗಿ ಬಂದದ್ದು. ಅದರ ಕೊಳವೆ 17 ಮಿಲಿಮೀಟರ್ ಉದ್ದದ್ದು, ಸೀಸದ ಮೇಲೆ ಲೋಹದ ಕವಚವಿರುತ್ತದೆ, ತಳದ ಅಂಚು ತೀರಾ ಕಿರಿದು. ಇದು ಹಲವು .32 ರಿವಾಲ್ವರುಗಳ ಸಿಲಿಂಡರಿನಲ್ಲಿ ಗುಂಡು ಕೂರುವ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ ಎಂಬುದೇ ಅಪಾಯ, ಏಕೆಂದರೆ ಕೂತದ್ದೆಲ್ಲ ಹಾರಿಸಲು ತಕ್ಕದ್ದು ಎಂಬ ಭಾವನೆ ಮೂಡುತ್ತದೆ. ಅಮೆರಿಕದ ತಯಾರಕರ ಮಾನದಂಡದಂತೆ .32 ಲಾಂಗ್ ಗುಂಡಿನ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, .32 ಎಸಿಪಿಯದು 20,500 ಪೌಂಡ್. ಅಪ್ಪನ ಕಾಲದ ಹಳೆಯ ರಿವಾಲ್ವರಿನ ಸಿಲಿಂಡರು ಆ ಹೆಚ್ಚುವರಿ ಒತ್ತಡವನ್ನು ಎಷ್ಟು ಸಲ ತಾಳೀತು ಎಂದು ಪರೀಕ್ಷಿಸಿ ನೋಡುವ ವಿಷಯ ಇದಲ್ಲ. ಪರವಾನಗಿಯಲ್ಲಿ ರಿವಾಲ್ವರ್ ಎಂದು ನಮೂದಾಗಿದ್ದರೆ ಪಿಸ್ತೂಲಿನ ಗುಂಡನ್ನು ಕೊಡಲು ಅಂಗಡಿಯವರು ಒಪ್ಪಲೂಬಾರದು.

ಇಲ್ಲಿ ಸಿಗುವ ದೇಶೀ ಗುಂಡು ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಪುಣೆಯ ಖಡ್ಕಿಯಿಂದ. ಅಲ್ಲಿನ ಮದ್ದುಗುಂಡು ಕಾರ್ಖಾನೆ 1869ರಷ್ಟು ಹಳೆಯದು. ಖಡ್ಕಿಯನ್ನು ಬ್ರಿಟಿಷರು ಕಿರ್ಕೀ ಎಂದು ಕರೆಯುತ್ತಿದ್ದುದರಿಂದ ಗುಂಡಿನ ತಳದ ಮೇಲೆ ಇಂದಿಗೂ ಕೆಎಫ್ ಎಂಬ ಮುದ್ರೆ ಬೀಳುತ್ತದೆ, ವ್ಯಾಪಾರಿಗಳೂ ಅದನ್ನು ಕೆಎಫ್ ಗುಂಡು ಎಂದೇ ಕರೆಯುತ್ತಾರೆ. ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ಏಳು ಸರ್ಕಾರಿ ಕಂಪನಿಗಳಾಗಿ ವಿಂಗಡಿಸಿದಾಗ ಮದ್ದುಗುಂಡಿನ ಕಾರ್ಖಾನೆಗಳು ಪುಣೆಯಲ್ಲಿ ಕೇಂದ್ರ ಕಚೇರಿಯಿರುವ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದವು. ರಿವಾಲ್ವರ್ ತಯಾರಿಸುವ ಕಾರ್ಖಾನೆಗಳು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಹೋದವು. ಹೀಗಾಗಿ ರಿವಾಲ್ವರನ್ನು ಮಾಡುವವರು ಒಬ್ಬರು, ಅದರ ಗುಂಡನ್ನು ಮಾಡುವವರು ಇನ್ನೊಬ್ಬರು. ಗುಂಡು ಸಿಗುತ್ತಿಲ್ಲ ಎಂದು ಕಾನ್ಪುರಕ್ಕೆ ಬರೆಯುವುದರಿಂದ ಪ್ರಯೋಜನವಿಲ್ಲ.

ಸೇನೆಯ ಮತ್ತು ಪೊಲೀಸರ ಬೇಡಿಕೆಯನ್ನು ಪೂರೈಸುವುದು ಈ ಕಾರ್ಖಾನೆಗಳ ಮೊದಲ ಕೆಲಸ. ನಾಗರಿಕರ ವ್ಯಾಪಾರಕ್ಕೆ ಬೇಕಾದ .32, .315 ಮತ್ತು 12 ಬೋರಿನ ಉತ್ಪಾದನೆ ಅದರ ಪಕ್ಕದಲ್ಲಿ ನಡೆಯುತ್ತದೆ. ಕೆಲವು ತಿಂಗಳು ಎಲ್ಲ ಅಂಗಡಿಗಳಲ್ಲೂ ಒಟ್ಟಿಗೆ ದಾಸ್ತಾನು ಖಾಲಿಯಾಗುವುದನ್ನು ಗಮನಿಸಿದ್ದರೆ, ಅದಕ್ಕೆ ಸ್ಥಳೀಯ ವ್ಯಾಪಾರಿಯನ್ನು ದೂರುವ ಮೊದಲು ಇದನ್ನು ನೆನಪಿಡಬೇಕು.

ಒಂದೇ ಕಾರ್ಖಾನೆಯ ಗುಂಡಿಗೆ ಊರಿಂದ ಊರಿಗೆ ಬೆಲೆ ಏಕೆ ಬೇರೆಯಾಗುತ್ತದೆ?

ಕಾರ್ಖಾನೆಯ ಬೆಲೆ ಒಂದೇ ಆದರೂ ಅಂಗಡಿಯ ಬೆಲೆ ಅದರ ಮೇಲೆ ಕಟ್ಟಿಕೊಂಡದ್ದು. ಮದ್ದುಗುಂಡನ್ನು ಸಾಮಾನ್ಯ ಸರಕಿನಂತೆ ಲಾರಿಗೆ ಹಾಕಿ ಕಳಿಸಲಾಗುವುದಿಲ್ಲ. ಸಾಗಣೆಗೆ ಅನುಮತಿ, ದಾರಿಯುದ್ದಕ್ಕೂ ದಾಖಲೆ, ತಲುಪಿದ ಮೇಲೆ ದಾಸ್ತಾನು ಪುಸ್ತಕದಲ್ಲಿ ನಮೂದು, ಭದ್ರ ಕೊಠಡಿಯ ಖರ್ಚು, ಇವೆಲ್ಲ ಗುಂಡಿನ ಬೆಲೆಗೆ ಸೇರುತ್ತವೆ. ಒಂದು ಸಲಕ್ಕೆ ಹೆಚ್ಚು ಪ್ರಮಾಣ ತರಿಸುವ ದೊಡ್ಡ ವ್ಯಾಪಾರಿಗೆ ಈ ಖರ್ಚು ಹೆಚ್ಚು ಗುಂಡುಗಳ ಮೇಲೆ ಹಂಚಿಹೋಗುತ್ತದೆ, ಸಣ್ಣ ಊರಿನವನಿಗೆ ಹಾಗಾಗುವುದಿಲ್ಲ. ಅಲ್ಲದೆ ಯಾವ ಬಗೆಯ ಗುಂಡನ್ನು ಎಷ್ಟರ ಮಟ್ಟಿಗೆ ಇಟ್ಟುಕೊಳ್ಳಬಹುದು ಎಂಬುದು ವ್ಯಾಪಾರಿಯ ಪರವಾನಗಿಯಲ್ಲಿಯೂ ನಿಗದಿಯಾಗಿರುತ್ತದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೇಡಿಕೆಯೆಲ್ಲ ಕೋವಿಯ 12 ಬೋರ್ ತೋಟೆಗೆ. ಬೆಳೆಗೆ ನುಗ್ಗುವ ಹಂದಿ, ಮಂಗಗಳ ಕಾಟದಿಂದ ತೋಟೆಯ ಮಾರಾಟ ಬೇಗ ಆಗುತ್ತದೆ. ವರ್ಷಕ್ಕೊಮ್ಮೆ ಬಂದು ಹತ್ತಿಪ್ಪತ್ತು ಒಯ್ಯುವ ರಿವಾಲ್ವರ್ ಗಿರಾಕಿಗಾಗಿ ಅಲ್ಲಿನ ವ್ಯಾಪಾರಿ ಕಪಾಟು ತುಂಬಿಸಿಡುವುದಿಲ್ಲ. ಆದ್ದರಿಂದ .32 ಗುಂಡಿನ ಲಭ್ಯತೆ ಬೆಂಗಳೂರಿನಂತಹ ನಗರದಲ್ಲಿ ತುಸು ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಹಾಗಿದ್ದರೆ ಕಡಿಮೆ ಬೆಲೆಗಾಗಿ ದೂರದ ಊರಿಗೆ ಹೋಗಿ ತರುವುದು ಲಾಭವೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಒಂದು ಲೆಕ್ಕ ಹಾಕಿ ನೋಡಿ. ಹಾಸನದ ವ್ಯಾಪಾರಿಗಿಂತ ಬೆಂಗಳೂರಿನವರು ಗುಂಡೊಂದಕ್ಕೆ ಹತ್ತು ರೂಪಾಯಿ ಕಡಿಮೆ ಹೇಳುತ್ತಾರೆ ಎಂದಿಟ್ಟುಕೊಳ್ಳೋಣ. ಇಪ್ಪತ್ತೈದು ಗುಂಡು ಕೊಂಡರೆ ಉಳಿಯುವುದು 250 ರೂಪಾಯಿ. ಹೋಗಿಬರುವ 360 ಕಿಲೋಮೀಟರ್ ಚಿಲ್ಲರೆ ದಾರಿಯ ಬಸ್ ಚಾರ್ಜು ಅದನ್ನು ನುಂಗಿಹಾಕುತ್ತದೆ, ಕಾರಿನಲ್ಲಿ ಹೋದರೆ ಪೆಟ್ರೋಲಿನ ಮಾತೇ ಬೇಡ. ರಿವಾಲ್ವರ್ ಇಟ್ಟುಕೊಂಡವರು ಅಕ್ಕಿಯಂತೆ ಗುಂಡನ್ನು ಮೂಟೆಗಟ್ಟಲೆ ಕೊಳ್ಳುವುದಿಲ್ಲ, ಕೊಳ್ಳಲು ಅವಕಾಶವೂ ಇಲ್ಲ. ಪ್ರಮಾಣ ಚಿಕ್ಕದಾದಾಗ ದರದ ವ್ಯತ್ಯಾಸವೂ ಚಿಕ್ಕದೇ.

ನಮ್ಮ ಅಭಿಪ್ರಾಯದಲ್ಲಿ ಹೋಲಿಸಬೇಕಾದದ್ದು ಮೂರು ಸಂಗತಿಗಳನ್ನು, ಈ ಕ್ರಮದಲ್ಲಿ: ಮೊದಲು ಸರಿಯಾದ ಗುಂಡು ನಿಜವಾಗಿ ಇದೆಯೇ, ಎರಡನೆಯದಾಗಿ ಅದು ಯಾವ ವರ್ಷದ್ದು, ಕೊನೆಯಲ್ಲಿ ಬೆಲೆ. ಜನ ಇದನ್ನು ತಲೆಕೆಳಗು ಮಾಡಿ ಕೇಳುತ್ತಾರೆ. ಬೇರೆ ಕೆಲಸಕ್ಕೆಂದು ಹೇಗೂ ಆ ಊರಿಗೆ ಹೋಗುವವರ ವಿಷಯ ಬೇರೆ, ಆದರೆ ಅವರೂ ಪರವಾನಗಿಯ ವ್ಯಾಪ್ತಿಯನ್ನು ನೋಡಿಕೊಂಡು ಹೊರಡಬೇಕು.

ಫೋನ್ ಮಾಡಿ ವಿಚಾರಿಸುವಾಗ ಏನೇನು ಕೇಳಬೇಕು?

ಮೊದಲಿಗೆ ಗುಂಡಿನ ಪೂರ್ಣ ಹೆಸರು ಮತ್ತು ತಯಾರಕರನ್ನು ಕೇಳಿ. ಬಳಿಕ ಹೇಳಿದ ದರ ಬಿಡಿ ಗುಂಡಿನದೋ ಪೆಟ್ಟಿಗೆಯದೋ, ಪೆಟ್ಟಿಗೆಯಾದರೆ ಅದರಲ್ಲಿ ಎಷ್ಟು ಗುಂಡುಗಳಿವೆ, ಜಿಎಸ್‌ಟಿ ಸೇರಿದೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ. ಬಿಡಿಯಾಗಿ ಕೊಡುವವರೂ ಇದ್ದಾರೆ, ಪೆಟ್ಟಿಗೆ ಒಡೆಯಲು ಒಪ್ಪದವರೂ ಇದ್ದಾರೆ. ಪರವಾನಗಿಯಲ್ಲಿ ಇಪ್ಪತ್ತಕ್ಕಷ್ಟೇ ಅವಕಾಶ ಉಳಿದಿರುವವರಿಗೆ ಐವತ್ತರ ಪೆಟ್ಟಿಗೆಯ ಅಗ್ಗದ ದರದಿಂದ ಉಪಯೋಗವಿಲ್ಲ. ಪೆಟ್ಟಿಗೆಯ ಮೇಲಿನ ತಯಾರಿಕೆಯ ವರ್ಷ ಮತ್ತು ಲಾಟ್ ಸಂಖ್ಯೆಯನ್ನು ಓದಿ ಹೇಳುವಂತೆ ಕೇಳಿದರೆ ಒಳ್ಳೆಯ ವ್ಯಾಪಾರಿ ಬೇಸರಿಸುವುದಿಲ್ಲ.

ಕೆಲವು ವ್ಯಾಪಾರಿಗಳು ಫೋನಿನಲ್ಲಿ ದರ ಹೇಳುವುದೇ ಇಲ್ಲ, ಪರವಾನಗಿ ಪುಸ್ತಕ ಹಿಡಿದು ಬನ್ನಿ ಎನ್ನುತ್ತಾರೆ. ಅದು ಸಿಡುಕಲ್ಲ. ಕರೆ ಮಾಡಿದವರು ಯಾರೆಂದು ಅವರಿಗೆ ತಿಳಿದಿರುವುದಿಲ್ಲ, ತಮ್ಮಲ್ಲಿ ಎಷ್ಟು ಗುಂಡು ದಾಸ್ತಾನಿದೆ ಎಂದು ಅಪರಿಚಿತರಿಗೆ ಹೇಳಲು ಅವರು ಹಿಂಜರಿಯುವುದು ವಿವೇಕದ ನಡೆ. ಅಂಗಡಿಗೆ ಹೋಗುವಾಗ ಪರವಾನಗಿ ಪುಸ್ತಕದ ಮೂಲಪ್ರತಿ, ಅದರಲ್ಲಿರುವ ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ, ಭಾವಚಿತ್ರವುಳ್ಳ ಗುರುತಿನ ಚೀಟಿ ಜೊತೆಯಲ್ಲಿರಲಿ. ಆ ಸಂಖ್ಯೆ ಇಲ್ಲದ ಹಳೆಯ ಪುಸ್ತಕಕ್ಕೆ ಗುಂಡು ಸಿಗುವುದಿಲ್ಲ.

ಒಮ್ಮೆಗೆ ಎಷ್ಟು ಗುಂಡು ಕೊಳ್ಳಬಹುದು?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕೊಡುವ ಪರವಾನಗಿಯಲ್ಲಿ ಎರಡು ಬೇರೆ ಬೇರೆ ಮಿತಿಗಳು ನಮೂದಾಗಿರುತ್ತವೆ. ಒಂದು, ಯಾವುದೇ ಒಂದು ಸಮಯದಲ್ಲಿ ನಿಮ್ಮ ಬಳಿ ಇರಬಹುದಾದ ಗರಿಷ್ಠ ಪ್ರಮಾಣ. ಇನ್ನೊಂದು, ಒಂದು ವರ್ಷದಲ್ಲಿ ಕೊಳ್ಳಬಹುದಾದ ಗರಿಷ್ಠ ಪ್ರಮಾಣ. ಎರಡನ್ನೂ ಒಟ್ಟಿಗೆ ಪಾಲಿಸಬೇಕು. ವರ್ಷದ ಮಿತಿಯಲ್ಲಿ ಜಾಗವಿದ್ದರೂ ಮನೆಯಲ್ಲಿ ಹಳೆಯ ಗುಂಡುಗಳು ಹಾಗೆಯೇ ಕೂತಿದ್ದರೆ ಹೊಸದನ್ನು ಕೊಳ್ಳುವ ಅವಕಾಶ ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಪಕ್ಕದ ಮನೆಯವರ ಪುಸ್ತಕದಲ್ಲಿ ಹೆಚ್ಚು ಬರೆದಿದೆ ಎಂಬ ಕಾರಣಕ್ಕೆ ನಿಮಗೂ ಅಷ್ಟೇ ಸಲ್ಲುತ್ತದೆ ಎಂದು ವಾದಿಸಿ ಫಲವಿಲ್ಲ. ಅಂಗಡಿಯವರು ನೋಡುವುದು ನಿಮ್ಮ ಪುಸ್ತಕವನ್ನು. ಮಿತಿಯನ್ನು ಬದಲಿಸಬೇಕೆಂದರೆ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ, ಉಳಿದೆಡೆ ಜಿಲ್ಲಾಧಿಕಾರಿಗೆ.

ಕೊಂಡ ಪ್ರತಿಯೊಂದು ಗುಂಡೂ ದಿನಾಂಕ, ಸಂಖ್ಯೆ ಮತ್ತು ವ್ಯಾಪಾರಿಯ ಸಹಿಯೊಂದಿಗೆ ಪುಸ್ತಕಕ್ಕೆ ಏರಬೇಕು. ನವೀಕರಣದ ಹೊತ್ತಿಗೆ, ಅಂದರೆ 2019ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ, ಅಧಿಕಾರಿಗಳು ಹಳೆಯ ಖರೀದಿಯ ಲೆಕ್ಕ ಕೇಳಬಹುದು. ಎಲ್ಲಿ, ಯಾವಾಗ, ಎಷ್ಟು ಹಾರಿಸಿದಿರಿ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಮತ್ತು ಖಾಲಿ ಕೊಳವೆಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಅಂದಿಗೆ ನೆರವಾಗುತ್ತದೆ.

ಬೇರೆ ಜಿಲ್ಲೆಯಲ್ಲಿ ಅಥವಾ ಬೇರೆ ರಾಜ್ಯದಲ್ಲಿ ಕೊಳ್ಳಬಹುದೇ?

ಪರವಾನಗಿಯ ವ್ಯಾಪ್ತಿ ಎಲ್ಲಿಯವರೆಗೆ ಇದೆ ಎಂಬುದರ ಮೇಲೆ ಅದು ನಿಂತಿದೆ. ಪುಸ್ತಕದಲ್ಲಿ ಕರ್ನಾಟಕ ಎಂದಿದ್ದರೆ ಬೆಳಗಾವಿಯವರಿಗೆ ಪುಣೆ ಹತ್ತಿರವೆಂಬುದು ಕಾರಣವಾಗದು. ಗುಂಡು ತಯಾರಾಗುವ ಊರಿಗೇ ಹೋಗಿ ಅಗ್ಗವಾಗಿ ತರುವ ಆಲೋಚನೆ ಹಲವರಿಗೆ ಬರುತ್ತದೆ, ಆದರೆ ರಾಜ್ಯದ ಗಡಿ ದಾಟಿದೊಡನೆ ಆ ಗುಂಡೂ ಜೊತೆಗಿರುವ ರಿವಾಲ್ವರೂ ಪರವಾನಗಿಯ ಹೊರಗೆ ಬೀಳುತ್ತವೆ. ಅಖಿಲ ಭಾರತ ವ್ಯಾಪ್ತಿ ಇದ್ದವರಿಗೆ ಈ ತೊಡಕಿಲ್ಲ.

ಮಗನನ್ನೋ ಚಾಲಕನನ್ನೋ ಕಳಿಸಿ ತರಿಸಬಹುದೇ?

ನೀವೇ ಹೋಗಬೇಕು. ಪರವಾನಗಿದಾರರ ಲಿಖಿತ ಅನುಮತಿಯೊಂದಿಗೆ ಅವರ ಬಳಕೆಗಾಗಿ, ದುರಸ್ತಿಗಾಗಿ ಅಥವಾ ನವೀಕರಣಕ್ಕಾಗಿ ಬೇರೊಬ್ಬರು ಬಂದೂಕನ್ನೋ ಗುಂಡನ್ನೋ ಒಯ್ಯಬಹುದೆಂದು ಕಾಯ್ದೆಯ 3ನೇ ಕಲಮಿನಲ್ಲಿ ಒಂದು ಸೀಮಿತ ವಿನಾಯಿತಿ ಇದೆ. ಅದನ್ನು ಹಿಗ್ಗಿಸಿ ಅಂಗಡಿಯ ಖರೀದಿಗೂ ಅನ್ವಯಿಸಿದರೆ ಸಿಕ್ಕಿಬೀಳುವವರು ಕಳಿಸಲ್ಪಟ್ಟವರು. ವಯಸ್ಸಾಗಿ ಓಡಾಡಲಾಗದ ಹಿರಿಯರು ಮೊದಲು ಪರವಾನಗಿ ಶಾಖೆಯಲ್ಲಿ ವಿಚಾರಿಸಲಿ.

ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದೇ?

ಇಲ್ಲ. ಫೇಸ್‌ಬುಕ್, ವಾಟ್ಸ್ಆ್ಯಪ್, ಟೆಲಿಗ್ರಾಂಗಳಲ್ಲಿ ಮನೆಬಾಗಿಲಿಗೆ ತಲುಪಿಸುತ್ತೇವೆ ಎನ್ನುವವರು ಮುಂಗಡ ಹಣ ನುಂಗುವ ವಂಚಕರು, ಇಲ್ಲವೇ ಅಕ್ರಮ ಸರಕಿನವರು. ಎರಡರಲ್ಲಿ ಯಾವುದಾದರೂ ನಷ್ಟ ನಿಮ್ಮದೇ.

ಆಮದು ಗುಂಡು ದೇಶೀ ಗುಂಡಿಗಿಂತ ಒಳ್ಳೆಯದೇ? ಬೆಲೆಯ ವ್ಯತ್ಯಾಸಕ್ಕೆ ಅದು ತಕ್ಕದ್ದೇ?

ಮದ್ದುಗುಂಡಿನ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಇದ್ದವರಷ್ಟೇ ಷರತ್ತುಗಳೊಂದಿಗೆ ತರಬಹುದು. ಆದ್ದರಿಂದ ಅಂಗಡಿಗೆ ಬರುವ ಪ್ರಮಾಣ ಅಲ್ಪ, ಬೆಲೆ ಹೆಚ್ಚು, ಮತ್ತು ಈ ಸಲ ಸಿಕ್ಕಿದ್ದು ಮುಂದಿನ ಸಲ ಸಿಗುವ ಭರವಸೆ ಇಲ್ಲ. ಆಮದು ಗುಂಡಿನ ಬೆಲೆಯನ್ನು ಕೆಎಫ್ ಬೆಲೆಯ ಪಕ್ಕದಲ್ಲಿಟ್ಟು ಒಂದು ಅಂಗಡಿ ದುಬಾರಿ ಎಂದು ತೀರ್ಮಾನಿಸುವುದು ಸರಿಯಾದ ಹೋಲಿಕೆಯಲ್ಲ.

ಗುಣಮಟ್ಟದ ವಿಷಯದಲ್ಲಿ ನಮ್ಮ ಸಲಹೆ ಸರಳ. ನಿಮ್ಮ ರಿವಾಲ್ವರಿನಲ್ಲಿ ಪರವಾನಗಿ ಪಡೆದ ಶೂಟಿಂಗ್ ರೇಂಜಿನಲ್ಲಿ ಹಾರಿಸಿ ನೋಡಿದಾಗ ಪ್ರತಿ ಸಲವೂ ಸಿಡಿಯುವ ಗುಂಡು ಒಳ್ಳೆಯ ಗುಂಡು. ಹೆಸರಾಂತ ವಿದೇಶಿ ಪೆಟ್ಟಿಗೆಯೊಳಗಿನದ್ದಾದರೂ ಹತ್ತು ಮಳೆಗಾಲ ಕಂಡ ಗುಂಡನ್ನು ನಂಬಲಾಗದು.

ಶೂಟಿಂಗ್ ಕ್ರೀಡಾಪಟುಗಳು ಬಳಸುವ .32 ಗುಂಡು ನಮಗೂ ಸಿಗುತ್ತದೆಯೇ?

ಇದು ಸ್ವಾರಸ್ಯಕರ ಪ್ರಶ್ನೆ, ಏಕೆಂದರೆ ಗುಂಡು ಮೂಲತಃ ಅದೇ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹಲವರು .32 ಲಾಂಗ್ ಗುಂಡನ್ನೇ ಬಳಸುತ್ತಾರೆ. ಭಾರತದ ಶೂಟರ್ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿಯೂ 2006ರ ದೋಹಾ ಕೂಟದಲ್ಲಿಯೂ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿಯೇ. ಆದರೆ ಸ್ಪರ್ಧೆಯ ಗುಂಡಿನ ತುದಿ ಚಪ್ಪಟೆಯಾಗಿದ್ದು ಕೊಳವೆಯ ಬಾಯಿಗೆ ಸಮನಾಗಿ ಒಳಗೆ ಕೂತಿರುತ್ತದೆ. ಕಾಗದದ ಗುರಿಯಲ್ಲಿ ಅಚ್ಚುಕಟ್ಟಾದ ದುಂಡು ರಂಧ್ರ ಬಿದ್ದರೆ ಅಂಕ ಎಣಿಸುವುದು ಸುಲಭ, ಅದಕ್ಕಾಗಿ ಈ ಆಕಾರ. ಕ್ರೀಡಾಪಟುಗಳಿಗೆ ರೈಫಲ್ ಸಂಘಗಳ ಮೂಲಕ ಪ್ರತ್ಯೇಕ ನಿಯಮದಡಿ ಬರುವ ಆಮದು ಗುಂಡು ಅವರ ಅಭ್ಯಾಸಕ್ಕೂ ಸ್ಪರ್ಧೆಗೂ ಮೀಸಲು. ಪರಿಚಯದವರೆಂದು ಒಂದಿಷ್ಟು ಕೈಬದಲಾಯಿಸಿಕೊಂಡರೆ ಇಬ್ಬರ ಪರವಾನಗಿಗೂ ಕುತ್ತು.

ತಾತನ ಕಾಲದ .38 ಅಥವಾ .455 ರಿವಾಲ್ವರಿಗೆ ಗುಂಡು ಎಲ್ಲಿಯೂ ಸಿಗುತ್ತಿಲ್ಲ. ಏಕೆ?

ಅವು ನಿಷೇಧಿತ ಬೋರಿನವಾಗಿರುವುದೇ ಕಾರಣ. .380 ಮತ್ತು .455 ಅಂಚುಳ್ಳ ಗುಂಡುಗಳನ್ನು, ಹಾಗೆಯೇ ಸೇವಾ ಬಳಕೆಯ 9 ಎಂಎಂ ಮತ್ತು .45 ಗುಂಡುಗಳನ್ನು ಹಾರಿಸಬಲ್ಲ ಕೈಬಂದೂಕುಗಳನ್ನು ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿ ಸಾಮಾನ್ಯ ಪರವಾನಗಿಯ ವರ್ಗದಿಂದ ಹೊರಗಿಟ್ಟಿದೆ. ಅಂತಹವಕ್ಕೆ ಪರವಾನಗಿ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು, ಸ್ಥಳೀಯ ಅಂಗಡಿಗಳಲ್ಲಿ ಆ ಗುಂಡಿನ ವ್ಯಾಪಾರವಿಲ್ಲ. ಎಲ್ಲಿಯಾದರೂ ಬೆಲೆ ಹೇಳಿದರೆ ಆ ಅಂಗಡಿಯ ಬಗ್ಗೆಯೇ ಅನುಮಾನ ಪಡಬೇಕು. ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಇಂತಹ ರಿವಾಲ್ವರೋ ಗುಂಡುಗಳೋ ಸಿಕ್ಕರೆ ತಡಮಾಡದೆ 21ನೇ ಕಲಮಿನಂತೆ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಮುಂದಿನ ದಾರಿಯನ್ನು ಆ ಬಳಿಕ ನಿಧಾನವಾಗಿ ಯೋಚಿಸಬಹುದು.

ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುತ್ತೇವೆ ಎನ್ನುತ್ತಾರೆ. ಕೊಳ್ಳಬಹುದೇ?

ಗುಂಡಿನ ಮೇಲೆ ಔಷಧಿಯಂತೆ ಮುಕ್ತಾಯದ ದಿನಾಂಕ ಅಚ್ಚಾಗಿರುವುದಿಲ್ಲ. ಒಣ, ತಂಪು ಜಾಗದಲ್ಲಿಟ್ಟರೆ ಅದು ದಶಕಗಳ ಕಾಲ ಕೆಡದೆ ಉಳಿಯಬಲ್ಲದು. ಕೆಡಿಸುವುದು ತೇವ ಮತ್ತು ಶಾಖ. ಕರಾವಳಿಯ ಉಪ್ಪುಗಾಳಿಯಲ್ಲಿ, ಆಗುಂಬೆಯ ಕಡೆಯ ಮಳೆಗಾಲದಲ್ಲಿ ತೆರೆದ ಪೆಟ್ಟಿಗೆಯಲ್ಲಿಟ್ಟ ಗುಂಡಿನ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ವರ್ಷಗಟ್ಟಲೆ ಸಿಕ್ಕಿಸಿಟ್ಟ ಗುಂಡುಗಳ ಮೇಲೆ ಹಸಿರು ಕಿಲುಬು ಕೂರುವುದು ಚರ್ಮ ಹದಮಾಡುವ ರಾಸಾಯನಿಕಗಳಿಂದ. ಹಾಗಿದ್ದ ಗುಂಡು ಕೋಣೆಯೊಳಗೆ ಅಂಟಿಕೊಳ್ಳಬಹುದು. ಎಣ್ಣೆ ಹಚ್ಚಿ ಹೊಳಪಿಸುವುದು ಇನ್ನೂ ಕೆಟ್ಟ ಉಪಾಯ. ತೆಳುವಾದ ಎಣ್ಣೆ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನ ಸಂದಿಯಿಂದ ಒಳಗಿಳಿದು ಮದ್ದನ್ನು ನಿಸ್ತೇಜಗೊಳಿಸುತ್ತದೆ.

ಆದ್ದರಿಂದ ರಿಯಾಯಿತಿಯ ಗುಂಡನ್ನು ಕೊಳ್ಳುವುದಾದರೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಕಿಲುಬು, ಬಿರುಕು, ತಗ್ಗು ಇದ್ದವು, ಸೀಸದ ತುದಿ ಸಡಿಲವಾದವು ಬೇಡ. ಅಂತಹ ಗುಂಡನ್ನು ಅಭ್ಯಾಸಕ್ಕಷ್ಟೇ ಬಳಸುತ್ತೇನೆ ಎಂಬ ಸಮಾಧಾನವೂ ಸರಿಯಲ್ಲ. ಮದ್ದು ದುರ್ಬಲವಾದ ಗುಂಡು ಮಂದವಾಗಿ ಸಿಡಿದು ಸೀಸವನ್ನು ನಳಿಗೆಯ ನಡುವೆಯೇ ನಿಲ್ಲಿಸಿಬಿಡಬಹುದು, ಅದು ಗೊತ್ತಾಗದೆ ಮುಂದಿನ ಗುಂಡನ್ನು ಹಾರಿಸಿದರೆ ನಳಿಗೆ ಒಡೆಯುತ್ತದೆ. ಸದ್ದು ಎಂದಿಗಿಂತ ಸಣ್ಣದೆನಿಸಿದರೆ ತಕ್ಷಣ ನಿಲ್ಲಿಸಿ, ಸಿಲಿಂಡರು ಖಾಲಿ ಮಾಡಿ, ನಳಿಗೆಯನ್ನು ಪರೀಕ್ಷಿಸಬೇಕು. ಸಿಡಿಯದೇ ಇದ್ದರೆ ಸುರಕ್ಷಿತ ದಿಕ್ಕಿಗೆ ಹಿಡಿದುಕೊಂಡು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಕೂಡಲೇ ಸಿಲಿಂಡರು ತೆರೆಯಬಾರದು.

ಖಾಲಿ ಕೊಳವೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿದರೆ ಖರ್ಚು ಉಳಿಯುವುದಿಲ್ಲವೇ?

ಭಾರತದಲ್ಲಿ ಅದು ಪರವಾನಗಿಯಿಲ್ಲದ ಮದ್ದುಗುಂಡು ತಯಾರಿಕೆಯಾಗುತ್ತದೆ. ಗುಂಡು ಇಟ್ಟುಕೊಳ್ಳುವ ಪರವಾನಗಿ ತಯಾರಿಸುವ ಪರವಾನಗಿಯಲ್ಲ.

ಬಿಲ್ ಇಲ್ಲದೆ, ಪುಸ್ತಕಕ್ಕೆ ಏರಿಸದೆ ಕೊಟ್ಟರೆ ಕಡಿಮೆ ಬೆಲೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಖಂಡಿತ ಬೇಡ. ಪುಸ್ತಕಕ್ಕೆ ಏರದ ಗುಂಡು ನಿಮ್ಮ ಮನೆಯಲ್ಲಿ ಪರವಾನಗಿಯ ಮಿತಿಗೆ ಹೊರತಾದ ಗುಂಡು. ನಾಳೆ ಎಣಿಕೆ ನಡೆದಾಗ ಲೆಕ್ಕಕ್ಕಿಂತ ಕಡಿಮೆ ಇದ್ದರೆ ವಿವರಿಸಬಹುದು, ಹೆಚ್ಚಿದ್ದರೆ ವಿವರಿಸಲು ಏನೂ ಇರುವುದಿಲ್ಲ. ಉಳಿಸಿದ ಕೆಲವು ನೂರು ರೂಪಾಯಿಗಾಗಿ ರಿವಾಲ್ವರನ್ನೂ ಪರವಾನಗಿಯನ್ನೂ ಕಳೆದುಕೊಂಡು ನ್ಯಾಯಾಲಯಕ್ಕೆ ಅಲೆಯುವುದು ಯಾವ ಲೆಕ್ಕದಲ್ಲಿಯೂ ಅಗ್ಗದ ಖರೀದಿಯಲ್ಲ.

ರಿವಾಲ್ವರಿನ ಮೇಲಿನ ತೆರಿಗೆ ಏರಿದೆಯಂತೆ. ಅದಕ್ಕೂ ಗುಂಡಿನ ಬೆಲೆಗೂ ಸಂಬಂಧವಿದೆಯೇ?

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಲ್ಲಿ ರಿವಾಲ್ವರ್ ಮತ್ತು ಪಿಸ್ತೂಲುಗಳ ತೆರಿಗೆ ಶೇಕಡ 28ರಿಂದ 40ಕ್ಕೆ ಏರಿತು. ಗುಂಡುಗಳು ಬೇರೆ ಶೀರ್ಷಿಕೆಯಡಿ ಬರುತ್ತವೆ. ರಿವಾಲ್ವರಿನ ತೆರಿಗೆ ಏರಿತೆಂದು ಯಾರಾದರೂ ಗುಂಡಿನ ಬೆಲೆಯನ್ನು ಅದೇ ಪ್ರಮಾಣದಲ್ಲಿ ಏರಿಸಿ ಹೇಳಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲನ್ನು ಬಿಡಿಸಿ ತೋರಿಸುವಂತೆ ಕೇಳಿ.

ಚುನಾವಣೆಯ ಸಮಯದಲ್ಲಿ ಗುಂಡು ಸಿಗುತ್ತದೆಯೇ?

ಆ ದಿನಗಳನ್ನು ಬಿಟ್ಟು ಯೋಜಿಸುವುದು ಮೇಲು. ನೀತಿ ಸಂಹಿತೆ ಜಾರಿಯಾದೊಡನೆ ಪರವಾನಗಿ ಪಡೆದ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವಂತೆ ಸೂಚನೆ ಬರುತ್ತದೆ, ಅಂಗಡಿಗಳ ದಾಸ್ತಾನಿನ ತಪಾಸಣೆಯೂ ನಡೆಯುತ್ತದೆ. ಯಾರು ಒಪ್ಪಿಸಬೇಕು, ಯಾರಿಗೆ ವಿನಾಯಿತಿ ಕೊಡಬಹುದು ಎಂಬುದನ್ನು ಪರಿಶೀಲಿಸಲು ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾ ಮಟ್ಟದ ಸಮಿತಿ ಇರುತ್ತದೆ. ಒಂಟಿಮನೆಗಳಲ್ಲಿ ಇರುವವರು, ಬೆಳೆ ಕಾಯುವವರು ವಿನಾಯಿತಿ ಬೇಕಾದರೆ ಅಲ್ಲಿಗೆ ಅರ್ಜಿ ಕೊಡಬೇಕು. ರಿವಾಲ್ವರ್ ಠಾಣೆಯಲ್ಲಿರುವಾಗ ಅಂಗಡಿಗೆ ಹೋಗಿ ಗುಂಡು ಕೇಳಿದರೆ ವ್ಯಾಪಾರಿ ಹುಬ್ಬೇರಿಸುವುದು ಸಹಜ.

ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ, ಅವರು ಎಷ್ಟಾದರೂ ಕೊಳ್ಳಬಹುದೇ?

ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಎಂಬ ಹಳೆಯ ಬಗೆಯ ಭೂಮಿಯ ಹಿಡುವಳಿದಾರರಿಗೆ ಕಾಯ್ದೆಯ 41ನೇ ಕಲಮಿನಡಿ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಆದರೆ ವಿನಾಯಿತಿ ಎಂದರೆ ಲೆಕ್ಕವಿಲ್ಲದ ಸ್ವಾತಂತ್ರ್ಯವಲ್ಲ. ಅದಕ್ಕೂ ಷರತ್ತುಗಳಿವೆ, ವ್ಯಾಪಾರಿಗೆ ತೋರಿಸಲು ವಿನಾಯಿತಿ ಪತ್ರ ಬೇಕು. ಕೊಡವರ ಕೈಲ್ ಪೊಳ್ದು ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಸಂಪ್ರದಾಯ ಒಂದು, ಮಡಿಕೇರಿಯ ಆಚೆಗೆ ರಿವಾಲ್ವರ್ ಒಯ್ಯುವುದು ಇನ್ನೊಂದು. ಕೈಬಂದೂಕು ಕೊಳ್ಳುವವರು ಮೊದಲು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತ ಸ್ಪಷ್ಟನೆ ಪಡೆಯಲಿ.

ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಬೆಲೆಯನ್ನು ಹೇಗೆ ನೋಡಬೇಕು?

ಅಲ್ಲಿ ರಿವಾಲ್ವರಿನ ಸಾಮಾನ್ಯ ಗುಂಡು .38 ಸ್ಪೆಷಲ್ ಮತ್ತು .357 ಮ್ಯಾಗ್ನಂ. ಗುಂಡೊಂದಕ್ಕೆ ಎಷ್ಟು ಸೆಂಟ್ ಎಂದು ಲೆಕ್ಕ ಹಾಕಿ ಹೋಲಿಸುವುದು ಅಲ್ಲಿನ ರೂಢಿ. .357 ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದಾದ್ದರಿಂದ ಅಭ್ಯಾಸದ ಖರ್ಚು ಇಳಿಯುತ್ತದೆ, ಆದರೆ ಅದರ ವಿರುದ್ಧವಾದದ್ದು ಸಾಧ್ಯವಿಲ್ಲ. 2020ರಲ್ಲಿ ಕೋವಿಡ್ ಕಾಲದ ಬೇಡಿಕೆ ಉಕ್ಕಿದಾಗ, ಬಂದೂಕು ಮತ್ತು ಗುಂಡು ತಯಾರಿಸುವ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿದ್ದೂ ಅದೇ ವರ್ಷವಾದ್ದರಿಂದ, ರಿವಾಲ್ವರ್ ಗುಂಡಿನ ಕಪಾಟುಗಳು ಬಹುಕಾಲ ಬರಿದಾಗಿದ್ದವು. ಹೆಚ್ಚು ಮಾರಾಟವಾಗುವ 9 ಎಂಎಂ ಉತ್ಪಾದನೆಗೆ ಕಾರ್ಖಾನೆಗಳು ಆದ್ಯತೆ ಕೊಟ್ಟದ್ದೂ ಅದಕ್ಕೆ ಕಾರಣ. ರಾಜ್ಯದಿಂದ ರಾಜ್ಯಕ್ಕೆ ತೆರಿಗೆಯೂ ಬೇರೆ: ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಬಂದೂಕು ಮತ್ತು ಗುಂಡಿನ ಮೇಲೆ ಶೇಕಡ 11ರ ಹೆಚ್ಚುವರಿ ಸುಂಕವಿದೆ.

ಬೆಲೆಗಿಂತ ಮುಖ್ಯವಾದ ಒಂದು ಮಾತಿದೆ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟ (ಫೆಡರಲ್) ಕಾನೂನು ನಿಷೇಧಿಸುತ್ತದೆ. ಊರ್ಜಿತ ಬೇಟೆ ಪರವಾನಗಿಯಂತಹ ಕೆಲವು ವಿನಾಯಿತಿಗಳಷ್ಟೇ ಇವೆ. ಸ್ನೇಹಿತರೊಂದಿಗೆ ಹೋಗಿ ಒಂದು ಪೆಟ್ಟಿಗೆ ಕೊಂಡು ಮನೆಗೆ ತಂದಿಟ್ಟರೂ ಅದು ಅಪರಾಧ, ವೀಸಾಕ್ಕೂ ಕಂಟಕ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ಅಲ್ಲಿಂದ ಬರುವಾಗ ಐವತ್ತು ಗುಂಡು ತರಬಹುದೆಂದು ಕಸ್ಟಮ್ಸ್ ನಿಯಮದಲ್ಲಿದೆಯಂತೆ, ನಿಜವೇ?

ಅರ್ಧ ಓದಿನಿಂದ ಹುಟ್ಟಿದ ತಿಳಿವಳಿಕೆ ಅದು. ಕಸ್ಟಮ್ಸ್‌ನ ಬ್ಯಾಗೇಜ್ ನಿಯಮಗಳ ಅನುಬಂಧದಲ್ಲಿ, ಸುಂಕ ರಿಯಾಯಿತಿ ಇಲ್ಲದ ವಸ್ತುಗಳ ಪಟ್ಟಿಯಲ್ಲಿ, ಐವತ್ತನ್ನು ಮೀರಿದ ಗುಂಡುಗಳು ಎಂಬ ಸಾಲು ಇದೆ. ಅದು ಸುಂಕದ ಮಾತು. ಆ ಗುಂಡನ್ನು ಭಾರತದಲ್ಲಿ ಹೊಂದುವ ಹಕ್ಕು ಶಸ್ತ್ರಾಸ್ತ್ರ ಕಾಯ್ದೆಯಡಿ ನಿಮಗೆ ಬೇರೆಯಾಗಿ ಇರಬೇಕು. ಇಲ್ಲಿನ ಪರವಾನಗಿ ಇಲ್ಲದವರಿಗೆ ಐವತ್ತೂ ಇಲ್ಲ, ಒಂದೂ ಇಲ್ಲ.

ಕೊಂಡ ಗುಂಡನ್ನು ವಿಮಾನದಲ್ಲಿ ಊರಿಗೆ ಒಯ್ಯಬಹುದೇ?

ಕೈಚೀಲದಲ್ಲಿ ಎಂದಿಗೂ ಇಲ್ಲ. ಮೊದಲೇ ವಿಮಾನಯಾನ ಸಂಸ್ಥೆಗೆ ತಿಳಿಸಿ, ಪರವಾನಗಿ ತೋರಿಸಿ, ಘೋಷಣಾ ಪತ್ರದೊಂದಿಗೆ ತಪಾಸಣೆಗೆ ಒಪ್ಪಿಸುವ ಲಗೇಜಿನಲ್ಲಿ ಮಾತ್ರ ಒಯ್ಯಬಹುದು. ಅಂತರರಾಷ್ಟ್ರೀಯ ನಿಯಮದಂತೆ ಪ್ರಯಾಣಿಕರೊಬ್ಬರಿಗೆ ತೂಕದ ಮಿತಿ 5 ಕಿಲೋಗ್ರಾಂ, ಸಂಸ್ಥೆಗಳು ಅದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು. ವಿಮಾನ ನಿಲ್ದಾಣಗಳಲ್ಲಿ ದಾಖಲಾಗುವ ಪ್ರಕರಣಗಳಲ್ಲಿ ಹಲವು, ರೇಂಜಿಗೆ ಒಯ್ದ ಚೀಲವನ್ನೇ ಪ್ರವಾಸಕ್ಕೂ ಬಳಸಿದಾಗ ಅದರ ಪದರದಲ್ಲಿ ಮರೆತುಹೋಗಿದ್ದ ಒಂದೇ ಗುಂಡಿನಿಂದ ಹುಟ್ಟಿದವು. ಗೊತ್ತಿಲ್ಲದೆ ಉಳಿದಿತ್ತು ಎಂಬ ವಾದವನ್ನು ನ್ಯಾಯಾಲಯಗಳು ಎಷ್ಟೋ ಸಲ ಒಪ್ಪಿವೆ, ಏಕೆಂದರೆ ಅರಿವಿನಿಂದ ಹೊಂದಿರುವುದು ಅಪರಾಧಕ್ಕೆ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯ 1972ರ ಗುಣವಂತಲಾಲ್ ಪ್ರಕರಣದಿಂದಲೂ ಹೇಳುತ್ತ ಬಂದಿದೆ. ಆದರೆ ಆ ಒಪ್ಪಿಗೆ ಸಿಗುವ ಹೊತ್ತಿಗೆ ವಿಮಾನ ಹೋಗಿರುತ್ತದೆ, ವಕೀಲರ ಶುಲ್ಕವೂ ಬಿದ್ದಿರುತ್ತದೆ. ಗುಂಡಿಗೆಂದೇ ಒಂದು ಪ್ರತ್ಯೇಕ ಪೆಟ್ಟಿಗೆಯನ್ನಿಟ್ಟುಕೊಂಡು, ರೇಂಜಿನಿಂದ ಮರಳಿದ ದಿನವೇ ಎಣಿಸಿ ಬೀಗ ಹಾಕುವ ಅಭ್ಯಾಸ ಇರಲಿ.